ಇನ್ನೊಂದು ಟೈಲ್ಸ್ ಒಡೆಯಲು ಬಿಡಿ

ಬಳ್ಳಾರಿಯ ಹಳೆಯ ಮನೆಗಳಲ್ಲಿ ಬಚ್ಚಲು ಹೊಸದಾಗಿ ಮಾಡಿಸುವವರು ಗೋಡೆಯೊಳಗಿನ ಹಳೆಯ ನೀರಿನ ಪೈಪ್ ತೆಗೆಯಲು ನನ್ನನ್ನು ಕರೆಸಿದಾಗ, ಕೆಲಸ ಆರಂಭವಾಗುವ ಮೊದಲೇ ಒಂದು ಮಾತು ಹೇಳುತ್ತಾರೆ: “ಮೇಸ್ತ್ರಿ, ಎರಡು ಟೈಲ್ಸ್‌ಗಿಂತ ಹೆಚ್ಚು ಒಡಿಬ್ಯಾಡ್ರಿ. ಅಷ್ಟರಾಗ ಗ್ರೈಂಡರ್ ಹಾಕಿ ಪೈಪ್ ಕತ್ತರಿಸಿಬಿಡ್ರಿ.” ಗ್ರೈಂಡರ್ ಎಂದರೆ ತಿರುಗುವ ಚಕ್ರದಿಂದ ಲೋಹ ಕತ್ತರಿಸುವ ಕೈಯಂತ್ರ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಹತ್ತು ಹನ್ನೆರಡು ವರ್ಷದ ಹಿಂದೆ ಕೂರಿಸಿದ ಟೈಲ್ಸಿನ ಬಣ್ಣ ಇಂದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಒಂದು ಒಡೆದರೆ ಇಡೀ ಗೋಡೆಯೇ ಹೋದಂತೆ ಅವರಿಗೆ ಅನಿಸುತ್ತದೆ. ಆದರೂ ಈ ಮಾತಿಗೆ ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಪ್ರತಿ ಮನೆಯಲ್ಲಿಯೂ ನಿಂತು ವಿವರಿಸಿ ಸಾಕಾಗಿರುವುದರಿಂದ ಇಲ್ಲಿ ಒಮ್ಮೆ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಅರ್ಧ ಇಂಚಿನ ಜಿಐ ಪೈಪಿನ, ಅಂದರೆ ಸತುವು ಲೇಪಿಸಿದ ಕಬ್ಬಿಣದ ಪೈಪಿನ, ಹೊರಗಿನ ವ್ಯಾಸ ಸುಮಾರು 21 ಮಿಲಿಮೀಟರ್. ಅದು ಗೋಡೆಯೊಳಗೆ, ಗಿಲಾವಿನ ಹಿಂದೆ, ಕಲ್ಲಿಗೆ ಬೆನ್ನು ಕೊಟ್ಟು ಕುಳಿತಿರುತ್ತದೆ. ನಾಲ್ಕು ಇಂಚಿನ ಗ್ರೈಂಡರಿನ ಚಕ್ರ 100 ಮಿಲಿಮೀಟರ್ ಇದ್ದರೂ, ನಡುವಿನ ನಟ್ಟು ಮತ್ತು ಗೇರಿನ ತಲೆಯ ಭಾಗ ಕಳೆದರೆ ಕತ್ತರಿಸಲು ಉಳಿಯುವುದು ಅಂಚಿನ ಒಂದಿಂಚು ಮಾತ್ರ. ಪೈಪಿನ ಹಿಂಬದಿಯವರೆಗೂ ಚಕ್ರ ತಲುಪಬೇಕಾದರೆ ಯಂತ್ರದ ತಲೆಯೇ ಗೋಡೆಯ ಸಂದಿಯೊಳಗೆ ಇಳಿಯಬೇಕು. ಆಗ ಚಕ್ರವನ್ನು ಅರ್ಧ ಮುಚ್ಚುವ ರಕ್ಷಣೆಯ ತಗಡು, ಅಂದರೆ ಗಾರ್ಡ್, ಟೈಲ್ಸಿಗೆ ತಾಗುತ್ತದೆ. ಗಾರ್ಡ್ ಬಿಚ್ಚಿದರೆ ಜಾಗ ಸಾಕಾಗುತ್ತದೆ ಎಂಬ ಯೋಚನೆ ಹುಟ್ಟುವುದು ಸರಿಯಾಗಿ ಇಲ್ಲಿಯೇ. ಹುಡುಗರು ಬಿಚ್ಚಿಯೂ ಬಿಡುತ್ತಾರೆ, ಮನೆಯವರು ನೋಡಿಕೊಂಡು ಸುಮ್ಮನಿರುತ್ತಾರೆ.

ಆ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂಚಿನ ವೇಗ ಲೆಕ್ಕ ಹಾಕಿದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಹೊರಗೆ ಬಯಲಿನಲ್ಲಿ ಪೈಪನ್ನು ವೈಸಿಗೆ ಬಿಗಿದು ಕತ್ತರಿಸುವಾಗ ಈ ವೇಗ ನಮಗೆ ಅನುಕೂಲವೇ. ಗೋಡೆಯೊಳಗಿನ ಪೈಪಿನ ಸ್ವಭಾವ ಬೇರೆ. ಮೇಲಿನ ಟ್ಯಾಂಕಿನಿಂದ ಇಳಿದು ಬಂದ ಪೈಪಿನ ತೂಕವೆಲ್ಲ ಕತ್ತರಿಸುತ್ತಿರುವ ಜಾಗದ ಮೇಲೆ ನಿಂತಿರುತ್ತದೆ. ಮುಕ್ಕಾಲು ಭಾಗ ಕತ್ತರಿಸಿದ ಮೇಲೆ ಮೇಲಿನ ತುಂಡು ಕೂದಲೆಳೆಯಷ್ಟು ಕೆಳಗೆ ಜಾರಿದರೂ ಸಾಕು, ಚಕ್ರ ಕೊರೆದ ಸಂದು ಮುಚ್ಚಿಕೊಂಡು ಚಕ್ರವನ್ನೇ ಕಚ್ಚಿ ಹಿಡಿಯುತ್ತದೆ. ಮೋಟಾರು ತಿರುಗಲು ಹೊರಟಿರುತ್ತದೆ, ಚಕ್ರಕ್ಕೆ ತಿರುಗಲು ದಾರಿ ಇರುವುದಿಲ್ಲ. ಆಗ ಒಂದೋ ಯಂತ್ರ ಕೈಯಿಂದ ಹಿಂದಕ್ಕೆ ಚಿಮ್ಮುತ್ತದೆ, ಇಲ್ಲವೇ ಚಕ್ರ ಒಡೆದು ಚೂರಾಗಿ ಹಾರುತ್ತದೆ. ಬಯಲಿನಲ್ಲಾದರೆ ಕೆಲಸಗಾರ ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಂತಿರುತ್ತಾನೆ. ಮೂರಡಿ ಅಗಲದ ಬಚ್ಚಲಿನಲ್ಲಿ, ಕಮೋಡಿನ ಹಿಂದೆ ಮಂಡಿಯೂರಿ ಕುಳಿತವನು ಎಲ್ಲಿಗೆ ಸರಿಯಬೇಕು? ಚಕ್ರಕ್ಕೂ ಅವನ ಮುಖಕ್ಕೂ ನಡುವೆ ಇರುವುದು ಆ ಗಾರ್ಡ್ ಒಂದೇ, ಅದನ್ನೂ ಬಿಚ್ಚಿ ಮೂಲೆಯಲ್ಲಿಟ್ಟಿರುತ್ತಾರೆ.

ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಕೌಲ್‌ಬಜಾರಿನ ಒಂದು ಮನೆಯಲ್ಲಿ, ನಾನಿನ್ನೂ ಕೆಲಸ ಕಲಿತು ಎರಡು ವರ್ಷವಾಗಿದ್ದ ಕಾಲದಲ್ಲಿ, ಗಾರ್ಡ್ ಬಿಚ್ಚಿದವನು ನಾನೇ. ಚಕ್ರ ಕಚ್ಚಿಕೊಂಡಿತು, ಪಟಾಕಿ ಸಿಡಿದಂತಹ ಸದ್ದಾಯಿತು. ಉಗುರಿನಗಲದ ಒಂದು ಚೂರು ನನ್ನ ಹಿಂದಿನ ಮರದ ಬಾಗಿಲಿಗೆ ನಾಟಿತ್ತು. ಅದನ್ನು ಇಕ್ಕಳ ಹಾಕಿ ಕೀಳಬೇಕಾಯಿತು. ಅದೇ ಜಾಗದಲ್ಲಿ ಬ್ಯಾಟರಿ ಹಿಡಿದು ಕುಳಿತಿದ್ದ ಹೆಲ್ಪರ್ ಹುಡುಗ ಆಗಷ್ಟೇ ಚಹಾ ತರಲು ಎದ್ದು ಹೋಗಿದ್ದ. ಬಾಗಿಲಿನ ಆ ಗುರುತು ಹುಡುಗನ ಕಣ್ಣಿನ ಎತ್ತರಕ್ಕಿತ್ತು.

ತೋರಣಗಲ್ಲಿನ ಕಡೆ ಕಾರ್ಖಾನೆಗಳಲ್ಲಿ ದುಡಿದು ಬಂದ ಹುಡುಗರು ಇದನ್ನೆಲ್ಲ ಬಲ್ಲರು. ಅಲ್ಲಿ ಕಿಡಿ ಹಾರುವ ಕೆಲಸಕ್ಕೆ ಮೊದಲೇ ಬರಹದ ಅನುಮತಿ ಪಡೆಯಬೇಕು, ಕನ್ನಡಕ ಮತ್ತು ಮುಖಕ್ಕೆ ಶೀಲ್ಡ್ ಇಲ್ಲದೆ ಗ್ರೈಂಡರ್ ಮುಟ್ಟುವಂತಿಲ್ಲ. ಅದೇ ಹುಡುಗರು ಮನೆಕೆಲಸಕ್ಕೆ ಬಂದಾಗ ಹೆಗಲ ಮೇಲೆ ಟವೆಲ್ ಇಳಿಬಿಟ್ಟುಕೊಂಡು, ಬರಿಗಣ್ಣಿನಲ್ಲಿ ಕುಳಿತುಬಿಡುತ್ತಾರೆ. ಬೇಗ ಮುಗಿಸಿ ಎಂದು ಅವಸರ ಮಾಡುವ ನಾವೆಲ್ಲ ಅದಕ್ಕೆ ಹೊಣೆ.

ಹಾಗಾದರೆ ಏನು ಮಾಡಬೇಕು? ಗಾರ್ಡ್ ಹಿಡಿಸದ ಜಾಗದಲ್ಲಿ ಗ್ರೈಂಡರ್ ಹಾಕಲೇಬಾರದು. ಒಂದೂವರೆ ಅಡಿ ಆಚೆಗೆ ಯೂನಿಯನ್ ಅಥವಾ ಸಾಕೆಟ್ (ಪೈಪುಗಳನ್ನು ತಿರುಪಿ ಸೇರಿಸುವ ಜೋಡಣೆ) ಇದ್ದರೆ ಅಲ್ಲಿಯವರೆಗೆ ಗೋಡೆ ಬಿಡಿಸಿ, ಪೈಪ್ ರಿಂಚ್ ಹಾಕಿ ತಿರುಪಿ ತೆಗೆಯಬಹುದು; ಕತ್ತರಿಸುವ ಅಗತ್ಯವೇ ಬೀಳದು. ಕತ್ತರಿಸಲೇಬೇಕಾದರೆ ಹ್ಯಾಕ್ಸಾ, ಅಂದರೆ ಲೋಹ ಕೊಯ್ಯುವ ಕೈಗರಗಸದ, ಬ್ಲೇಡ್ ಸಾಕು. ಫ್ರೇಮ್ ಹಿಡಿಸದ ಕಡೆ ಬರಿಯ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿಯಬೇಕು, ಹಲ್ಲುಗಳ ಮೊನೆ ನಮ್ಮ ಕಡೆಗೆ ಇರಬೇಕು. ತಳ್ಳಿದರೆ ಬರಿಯ ಬ್ಲೇಡ್ ಬಳುಕಿ ಮುರಿಯುತ್ತದೆ, ಎಳೆದರೆ ನೆಟ್ಟಗೆ ನಿಂತು ಕತ್ತರಿಸುತ್ತದೆ. ನೀಲಿ ಪಟ್ಟಿಯ (ಮಧ್ಯಮ ದರ್ಜೆಯ) ಅರ್ಧ ಇಂಚಿನ ಪೈಪಿನ ಲೋಹದ ದಪ್ಪ 2.6 ಮಿಲಿಮೀಟರ್, ಆ ದಪ್ಪದ ಮೇಲೆ ಒಟ್ಟಿಗೆ ಮೂರು ಹಲ್ಲು ಕೂರಬೇಕಾದರೆ ಇಂಚಿಗೆ 32 ಹಲ್ಲಿನ ಬ್ಲೇಡೇ ಬೇಕು. 18 ಹಲ್ಲಿನದು ಸಿಕ್ಕಿಕೊಂಡು ಹಲ್ಲು ಉದುರಿಸಿಕೊಳ್ಳುತ್ತದೆ. ಕತ್ತರಿಸುವ ಮುನ್ನ ಮೇಲಿನ ಪೈಪನ್ನು ಕ್ಲಾಂಪಿನಿಂದ ಗೋಡೆಗೆ ಬಿಗಿದರೆ ತೂಕ ಬಂದು ಕಚ್ಚುವ ಪ್ರಶ್ನೆಯೂ ಇಲ್ಲ.

ಕೈಯಿಂದ ಕತ್ತರಿಸುವುದರಲ್ಲಿ ಇನ್ನೊಂದು ದೊಡ್ಡ ಅನುಕೂಲವಿದೆ. ಮನೆಯ ಮೇನ್ ಸ್ವಿಚ್ಚನ್ನೇ ಪೂರ್ತಿ ಆರಿಸಿಬಿಡಬಹುದು. ಹಳೆಯ ಮನೆಗಳಲ್ಲಿ ಗೀಸರಿನ ವೈರು ಪೈಪಿನ ಪಕ್ಕದಲ್ಲೇ ಗಿಲಾವಿನೊಳಗೆ ಹಾದು ಹೋಗಿರುತ್ತದೆ. ಕೆಲವು ಕಡೆ ನೀರಿನ ಪೈಪಿಗೇ ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ) ಕಟ್ಟಿರುತ್ತಾರೆ. ಅಂತಹ ಪೈಪನ್ನು ಎರಡು ತುಂಡು ಮಾಡಿದರೆ ಅರ್ಥಿನ ದಾರಿಯೂ ತುಂಡಾಗುತ್ತದೆ. ಅನುಮಾನವಿದ್ದಲ್ಲಿ ಮೊದಲು ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ನಾನು ಬ್ಲೇಡ್ ಹಚ್ಚುವುದಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಜಿಐ ಪೈಪಿನ ಮೇಲಿನ ಸತುವು ಗ್ರೈಂಡರಿನ ಬಿಸಿಗೆ ಹೊಗೆಯಾಗುವುದೂ ಉಂಟು. ವೆಲ್ಡಿಂಗಿನಷ್ಟು ಅಲ್ಲವಾದರೂ, ಅದನ್ನು ಕುಡಿದವರಿಗೆ ಸಂಜೆ ಚಳಿಜ್ವರ ಬರಬಹುದು. ನಮ್ಮೂರಿನಲ್ಲಿ ಅದನ್ನೂ ಬಿಸಿಲಿನ ಜ್ವರವೆಂದು ತಿಳಿಯುತ್ತಾರೆ.

ಕಳೆದ ಬೇಸಿಗೆಯಲ್ಲಿ ಸತ್ಯನಾರಾಯಣಪೇಟೆಯ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ಇದೇ ವಾದ ನಡೆಯಿತು. ಎಲ್ಲವನ್ನೂ ಕೇಳಿದ ಅವರು, “ಇನ್ನೆಷ್ಟು ಒಡೀಬೇಕಪ್ಪ?” ಎಂದರು. ಒಂದೇ ಟೈಲ್ಸ್ ಎಂದೆ. ಮೇನ್ ಆರಿಸಿದ್ದರಿಂದ ಅವರೇ ಬ್ಯಾಟರಿ ಹಿಡಿದು ಬಾಗಿಲಲ್ಲಿ ನಿಂತರು, ಇಪ್ಪತ್ತು ನಿಮಿಷದಲ್ಲಿ ಪೈಪು ತುಂಡಾಯಿತು. ಒಡೆದ ಮೂರು ಟೈಲ್ಸ್‌ಗಳ ಜಾಗದಲ್ಲಿ ಈಗ ನೆಲದಿಂದ ಸೂರಿನವರೆಗೆ ನೀಲಿ ಟೈಲ್ಸಿನ ಒಂದು ಪಟ್ಟಿ ಇದೆ. ಬೇಕೆಂದೇ ಹಾಕಿಸಿದ್ದು ಎಂದು ನೋಡಿದವರು ತಿಳಿಯುತ್ತಾರಂತೆ.