ಬಿಟ್ಟಿ ಬೇರೆ, ಮುಕ್ತ ಬೇರೆ

ಮಕ್ಕಳ ಅಭ್ಯಾಸ ಪುಸ್ತಕಗಳನ್ನು ಅಚ್ಚು ಹಾಕುವ ಸಣ್ಣ ಪ್ರಕಾಶಕರೊಬ್ಬರು ಕಳೆದ ತಿಂಗಳು ನೋಟಿಸ್ ಹಿಡಿದುಕೊಂಡು ನನ್ನ ಕಚೇರಿಗೆ ಬಂದಿದ್ದರು. ಅವರ ಡಿಟಿಪಿ ಹುಡುಗ ಮೂರು ಮುಖಪುಟಗಳಿಗೆ ಬಳಸಿದ್ದ ಅಲಂಕಾರಿಕ ಫಾಂಟ್ ಬೇರೊಬ್ಬರದು. "ನೆಟ್‌ನಲ್ಲಿ ಫ್ರೀ ಅಂತಲೇ ಬರೆದಿತ್ತು ಮೇಡಂ, ಡೌನ್‌ಲೋಡ್ ಬಟನ್ ಕೂಡ ಇತ್ತು" ಎಂದರು. ಇದ್ದದ್ದು ನಿಜವೇ. ಆದರೆ ಬಟನ್‌ನ ಕೆಳಗೆ, ಸಣ್ಣ ಅಕ್ಷರದಲ್ಲಿ, ಸ್ವಂತ ಬಳಕೆಗೆ ಮಾತ್ರ ಎಂಬ ಸಾಲೂ ಇತ್ತು. ಫಾಂಟ್ ಮಾಡಿದವರು ಸಜ್ಜನರು; ವಾಣಿಜ್ಯ ಬಳಕೆಯ ಲೈಸೆನ್ಸಿಗೆ ಹಣ ಕಟ್ಟಿದ ಮೇಲೆ ವಿಷಯ ಅಲ್ಲಿಗೇ ನಿಂತಿತು. ಹೊರಡುವಾಗ ಪ್ರಕಾಶಕರು, "ಇನ್ನು ಮೇಲೆ ಈ ಫ್ರೀ ಫಾಂಟುಗಳ ಸಹವಾಸವೇ ಬೇಡ" ಎಂದರು. ನೋಟಿಸಿಗಿಂತ ಆ ಮಾತು ನನ್ನನ್ನು ಹೆಚ್ಚು ಕಾಡಿತು.

ಏಕೆಂದರೆ ಅವರು ಕಲಿತದ್ದು ತಪ್ಪು ಪಾಠ. ಅವರು ನಿರ್ಭಯವಾಗಿ ಬಳಸಬಹುದಾದ, ಅಚ್ಚು ಹಾಕಿ ಮಾರಬಹುದಾದ, ಬೇಕಿದ್ದರೆ ಒಂದು ಒತ್ತಕ್ಷರವನ್ನು ತಿದ್ದಿಕೊಳ್ಳಬಹುದಾದ ಕನ್ನಡ ಫಾಂಟುಗಳು ಹಲವಿವೆ. ಅವೂ ದುಡ್ಡಿಲ್ಲದೆ ಸಿಗುತ್ತವೆ. ಆದರೆ ಅವುಗಳ ಜೊತೆಗೆ ಒಂದು ಕಾಗದ ಬರುತ್ತದೆ. ಈ ಅಂಕಣ ಆ ಕಾಗದದ ಬಗ್ಗೆ, ಅಂದರೆ ಲೈಸೆನ್ಸಿನ ಬಗ್ಗೆ.

ಇಂಗ್ಲಿಷಿನಲ್ಲಿ ಫ್ರೀ ಎಂಬ ಒಂದೇ ಪದ ದುಡ್ಡಿಲ್ಲದ್ದಕ್ಕೂ ಕಟ್ಟಿಲ್ಲದ್ದಕ್ಕೂ ದುಡಿಯಬೇಕು. ಫ್ರೀ ಸಾಫ್ಟ್‌ವೇರ್ ಚಳವಳಿಯವರು, ಅಂದರೆ ತಂತ್ರಾಂಶವನ್ನು ಎಲ್ಲರೂ ಬಳಸಿ, ತಿದ್ದಿ, ಹಂಚುವಂತಿರಬೇಕು ಎನ್ನುವವರು, ನಲವತ್ತು ವರ್ಷಗಳಿಂದ ತಮ್ಮ ಪದದ ಅರ್ಥವನ್ನು ಬಿಡಿಸಿ ಹೇಳುತ್ತಲೇ ಇದ್ದಾರೆ. ನಮಗೆ ಆ ತೊಡಕಿಲ್ಲ. ಬಿಟ್ಟಿ ಬೇರೆ, ಮುಕ್ತ ಬೇರೆ. ಮದುವೆ ಮನೆಯ ಊಟ ಬಿಟ್ಟಿ, ಹಾಗೆಂದು ಅಲ್ಲಿನ ಪಾತ್ರೆ ಹೊತ್ತುಕೊಂಡು ಹೋಗಿ ಹೋಟೆಲ್ ಇಡಲು ಬರುವುದಿಲ್ಲ. ಇಷ್ಟು ಸ್ಪಷ್ಟವಾದ ಎರಡು ಪದಗಳನ್ನು ಕೈಯಲ್ಲಿಟ್ಟುಕೊಂಡು ನಾವೂ ಎಲ್ಲಕ್ಕೂ ಫ್ರೀ ಎಂದೇ ಹೇಳುತ್ತೇವೆ, ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಕೂರಿಸಿದೆ. ಕವಿತೆ ಬರೆದವರಿಗೆ ಹಕ್ಕು ಹುಟ್ಟುವಂತೆಯೇ ಕೋಡ್ ಬರೆದವರಿಗೂ ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ವೃತ್ತದೊಳಗಿನ ಆ © ಗುರುತೂ ಬೇಕಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಹಕ್ಕುಸ್ವಾಮ್ಯದಲ್ಲಿ ಅದು ತಲೆಕೆಳಗು. ಇಲ್ಲಿ ಮೌನ ಎಂದರೆ ನಿರಾಕರಣೆ. ಬರೆದವರು ಏನೂ ಹೇಳಿಲ್ಲವೆಂದರೆ ಕಾಯ್ದೆಯೇ ಬಿಟ್ಟುಕೊಟ್ಟಿರುವ ಕೆಲವು ವಿನಾಯಿತಿಗಳಾಚೆಗೆ ನಮಗೆ ಏನೂ ದಕ್ಕುವುದಿಲ್ಲ.

ಇದು ತಿಳಿಯದೆ ಕೊಡಲು ಮನಸ್ಸಿರುವವರೂ ಕೊಡದೇ ಉಳಿಯುತ್ತಾರೆ. ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ತನ್ನ ಊರಿನ ಬಸ್ಸುಗಳ ವೇಳೆಯನ್ನು ಕನ್ನಡದಲ್ಲಿ ತೋರಿಸುವ ಆಪ್ ಮಾಡಿ, ಅದರ ಕೋಡನ್ನು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾನೆ. ಬೇರೆ ಊರಿನವರು ಬಳಸಿಕೊಳ್ಳಲಿ ಎಂಬುದೇ ಅವನ ಆಸೆ. ಯಾರೂ ಬಳಸಿಲ್ಲವೇಕೆ ಎಂದು ಕೇಳಿದ. ಕಡತಗಳ ಪಟ್ಟಿ ನೋಡಿದೆ, ಲೈಸೆನ್ಸ್ ಫೈಲೇ ಇರಲಿಲ್ಲ. ಆ ತಾಣದ ನಿಯಮದಂತೆ ಇತರರು ಅದನ್ನು ನೋಡಬಹುದು, ತಮ್ಮ ಖಾತೆಗೆ ಒಂದು ಪ್ರತಿ ಎಳೆದುಕೊಳ್ಳಬಹುದು. ತಮ್ಮ ಆಪ್‌ಗೆ ಸೇರಿಸಿ ಜನರಿಗೆ ಹಂಚಲು ಅವನ ಅನುಮತಿ ಬೇಕು, ಅದು ಎಲ್ಲಿಯೂ ಬರೆದಿಲ್ಲ. ಬಾಗಿಲು ತೆರೆದಿಟ್ಟಿದ್ದೇನೆ ಎಂದುಕೊಂಡಿದ್ದ ಹುಡುಗ, ಕಾನೂನಿನ ಕಣ್ಣಿಗೆ ಗಾಜಿನ ಬಾಗಿಲಿಗೆ ಬೀಗ ಹಾಕಿ ಕೂತಿದ್ದ.

ಅನುಮತಿ ಬರವಣಿಗೆಯಲ್ಲಿರಬೇಕು ಎನ್ನುತ್ತದೆ ಕಾಯ್ದೆಯ 30ನೇ ಕಲಂ. ಹಿಂದೆ ಅದಕ್ಕೆ ಸಹಿಯೂ ಬೇಕಿತ್ತು. 2012ರ ತಿದ್ದುಪಡಿಯಲ್ಲಿ ಸಹಿಯ ಮಾತನ್ನು ತೆಗೆದುಹಾಕಿದರು. ಹೆಚ್ಚು ಸದ್ದು ಮಾಡದ ಈ ಬದಲಾವಣೆ ನನಗೆ ಬಹಳ ಪ್ರಿಯ. ಜಗತ್ತಿನ ಮೂಲೆಯಲ್ಲಿ ಕೂತ ಯಾರೋ ಒಬ್ಬರು ಒಂದು ಪಠ್ಯ ಕಡತದಲ್ಲಿ ಬರೆದಿಟ್ಟ ಅನುಮತಿಯನ್ನು, ಅವರ ಮುಖ ನೋಡದೆ, ಸಹಿಗಾಗಿ ಅಂಚೆ ಕಳಿಸದೆ, ರಾಣೆಬೆನ್ನೂರಿನ ಒಂದು ಡಿಟಿಪಿ ಅಂಗಡಿ ನೆಚ್ಚಿಕೊಳ್ಳಬೇಕಾದರೆ ಕಾನೂನು ಇಷ್ಟು ಹಗುರವಾಗಿರಬೇಕು.

ಕೋಡನ್ನು ಬಳಸಿ, ತಿದ್ದಿ, ಹಂಚಲು ಬಿಟ್ಟುಕೊಡುವ ಓಪನ್ ಸೋರ್ಸ್ ಎಂದರೆ ಕಾಪಿರೈಟ್ ವಿರೋಧಿಗಳ ಗುಂಪು ಎಂದು ಬಹಳ ಜನ ನಂಬಿದ್ದಾರೆ. ಕಂಪನಿಗಳ ಆಡಳಿತ ಮಂಡಳಿಗಳಲ್ಲೂ ಈ ಮಾತು ಕೇಳಿದ್ದೇನೆ. ನಿಜಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ. ಫ್ರೀ ಸಾಫ್ಟ್‌ವೇರ್ ಚಳವಳಿಯ ಜನಕ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದಾಗ ಮತ್ತು ಮುಂದೆ ಜಿಪಿಎಲ್ ಎಂಬ ಲೈಸೆನ್ಸ್ ಬರೆದಾಗ ಅವರು ಕಾನೂನನ್ನು ಮುರಿಯಲಿಲ್ಲ, ಅದನ್ನೇ ಹಿಡಿಕೆಯಾಗಿ ಬಳಸಿಕೊಂಡರು. ಜಿಪಿಎಲ್‌ನ ತರ್ಕ ಇಷ್ಟೇ: ಇದು ನನ್ನ ಕೃತಿ, ಹಕ್ಕು ನನ್ನದು. ನೀನು ಬಳಸು, ತಿದ್ದು, ಮಾರು. ಆದರೆ ತಿದ್ದಿದ್ದನ್ನು ಬೇರೆಯವರಿಗೆ ಕೊಡುವಾಗ ಮೂಲ ಕೋಡನ್ನೂ ಇದೇ ಸ್ವಾತಂತ್ರ್ಯಗಳ ಜೊತೆ ಕೊಡು. ಕೊಡದಿದ್ದರೆ ನನ್ನ ಅನುಮತಿ ರದ್ದು. ಅನುಮತಿ ರದ್ದಾದ ಮೇಲೆ ಉಳಿಯುವುದು ಸಾದಾ ಹಕ್ಕುಸ್ವಾಮ್ಯ ಉಲ್ಲಂಘನೆ. ಕಾಪಿರೈಟ್ ಇಲ್ಲದೇ ಹೋದರೆ ಈ ಷರತ್ತಿಗೆ ಬಲವೇ ಇಲ್ಲ.

ಇಂಥ ಷರತ್ತುಗಳಿಗೆ ಬಲ ಇದೆಯೇ ಎಂಬ ಅನುಮಾನ ಅಮೆರಿಕದ ಕೋರ್ಟಿನಲ್ಲಿ ಬಗೆಹರಿದದ್ದು ಆಟಿಕೆ ರೈಲುಗಳ ಪ್ರಕರಣವೊಂದರಲ್ಲಿ. ರಾಬರ್ಟ್ ಜೇಕಬ್‌ಸನ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಮತ್ತು ಅವರಂಥ ಹವ್ಯಾಸಿಗಳು ಮಾದರಿ ರೈಲುಗಳನ್ನು ನಿಯಂತ್ರಿಸುವ ಮುಕ್ತ ತಂತ್ರಾಂಶ ಬರೆದಿದ್ದರು. ಅದರ ಕಡತಗಳನ್ನು ಇನ್ನೊಬ್ಬರು ಹೆಸರು ಅಳಿಸಿ ತಮ್ಮ ಉತ್ಪನ್ನಕ್ಕೆ ಸೇರಿಸಿಕೊಂಡರು. ದುಡ್ಡೇ ಪಡೆಯದೆ ಕೊಟ್ಟದ್ದಕ್ಕೆ ನಷ್ಟವೆಲ್ಲಿಂದ ಬಂತು ಎಂಬುದು ಸಹಜವಾಗಿ ಏಳುವ ಪ್ರಶ್ನೆ. 2008ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಹೆಸರು ಉಳಿಸಬೇಕು ಮತ್ತು ಬದಲಾವಣೆ ತಿಳಿಸಬೇಕು ಎಂಬ ಷರತ್ತುಗಳಿಗೂ ಬೆಲೆಯಿದೆ, ಅವನ್ನು ಮೀರಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದಿತು. ದುಡ್ಡು ಕೇಳದವರೂ ಏನನ್ನೋ ಕೇಳಿರುತ್ತಾರೆ ಎಂಬುದನ್ನು ಒಂದು ನ್ಯಾಯಾಲಯ ಗಂಭೀರವಾಗಿ ಒಪ್ಪಿಕೊಂಡ ದಿನ ಅದು.

ಷರತ್ತು ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೂಟರ್ ಒಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಇರುವುದನ್ನು 2003ರಲ್ಲಿ ಪ್ರೋಗ್ರಾಮರುಗಳು ಪತ್ತೆ ಹಚ್ಚಿದರು. ಲಿನಕ್ಸ್ ಜಿಪಿಎಲ್ ಅಡಿಯಲ್ಲಿದೆ, ಆದ್ದರಿಂದ ಮೂಲ ಕೋಡ್ ಕೊಡಬೇಕಿತ್ತು. ಒತ್ತಾಯದ ನಂತರ ಅದು ಹೊರಬಂತು. ಆ ಕೋಡಿನಿಂದ ಬೆಳೆದದ್ದೇ ರೂಟರುಗಳ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ. ಇಂದು ಎಷ್ಟೋ ಬಗೆಯ ರೂಟರುಗಳಲ್ಲಿ ಅದನ್ನು ಹಾಕಿಕೊಳ್ಳಬಹುದು, ತಯಾರಕರು ಕೈಬಿಟ್ಟ ಹಳೆಯ ಪೆಟ್ಟಿಗೆಗೂ ಹೊಸ ಜೀವ ಬರುತ್ತದೆ.

ಬೆಂಗಳೂರಿನಲ್ಲಿ ಯಂತ್ರ ತಯಾರಿಸುವ ಕಂಪನಿಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ, ಇದನ್ನು ನೀವು ಹಂಚುತ್ತೀರಾ ಎಂಬುದು. ಜಿಪಿಎಲ್ ಕೋಡನ್ನು ತಿದ್ದಿ ನಿಮ್ಮದೇ ಕಚೇರಿಯೊಳಗೆ ಬಳಸಿಕೊಂಡರೆ ಯಾರಿಗೂ ಏನೂ ಕೊಡಬೇಕಿಲ್ಲ. ಅದನ್ನೇ ಒಂದು ಮೀಟರಿನೊಳಗೆ ಹಾಕಿ ಮಾರಿದಿರೋ, ಕೊಂಡವರು ಮೂಲ ಕೋಡ್ ಕೇಳಬಹುದು. ಎಂಐಟಿ, ಅಪಾಚೆ ಮುಂತಾದ ಲೈಸೆನ್ಸುಗಳು ಅಷ್ಟು ಕೇಳುವುದಿಲ್ಲ, ಹೆಸರನ್ನೂ ಲೈಸೆನ್ಸ್ ಪಠ್ಯವನ್ನೂ ಉಳಿಸಿಕೊಂಡರೆ ಬಹುಮಟ್ಟಿಗೆ ಸಾಕು. ಎಲ್ಲವೂ ಓಪನ್ ಸೋರ್ಸೇ ಎಂದು ಒಂದೇ ಬುಟ್ಟಿಗೆ ಹಾಕುವವರು ಉತ್ಪನ್ನ ಮಾರುಕಟ್ಟೆಗೆ ಹೋಗುವ ವಾರ ನನಗೆ ಫೋನ್ ಮಾಡುತ್ತಾರೆ.

ಇದೆಲ್ಲ ಕಂಪನಿಗಳ ತಲೆನೋವು ಎಂದುಕೊಳ್ಳಬೇಡಿ. ಲಕ್ಷ್ಮಿ ಎಂದು ಫೋನಿನಲ್ಲಿ ಟೈಪ್ ಮಾಡಿ. ಯಂತ್ರದೊಳಗೆ ಹೋಗುವುದು ಏಳು ಸಂಕೇತಗಳು: ಲ, ಕ, ಹಲಂತ, ಷ, ಹಲಂತ, ಮ, ಗುಡಿಸು. ಅವನ್ನು ಹಾಗೇ ಒಂದರ ಪಕ್ಕ ಒಂದು ಇಟ್ಟರೆ ಕನ್ನಡವಾಗುವುದಿಲ್ಲ. ಯಾವುದು ಒತ್ತಾಗಿ ಕೆಳಗಿಳಿಯಬೇಕು, ಗುಡಿಸು ಯಾವ ಅಕ್ಷರದ ತಲೆಗೆ ಏರಬೇಕು ಎಂದು ಲೆಕ್ಕ ಹಾಕುವವರೊಬ್ಬರು ಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಅದನ್ನು ಬಹುಕಾಲ ಮುನ್ನಡೆಸಿದವರು ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್, ಹೆಸರೂ ಪಾರಸಿಯದ್ದೇ. ಆ ಲೆಕ್ಕಕ್ಕೆ ರೂಪ ಕೊಡುವ ನೋಟೊ ಸಾನ್ಸ್ ಕನ್ನಡ ಫಾಂಟೂ ಮುಕ್ತ. ನಮ್ಮ ಒತ್ತಕ್ಷರ ಕೋಟ್ಯಂತರ ಫೋನುಗಳಲ್ಲಿ ಸರಿಯಾಗಿ ಕೂರುತ್ತಿರುವುದು ಯಾರೋ ಬರೆದುಕೊಟ್ಟ ಅನುಮತಿಯ ಮೇಲೆ. ಇದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆಯಿಂದ ಮನಸ್ಸು ತುಂಬಿಬರುತ್ತದೆ.

ಆ ಅನುಮತಿಯ ಒಂದೊಂದು ಪದವೂ ಮುಖ್ಯ. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ 2004ರಲ್ಲಿ ಬಿಡುಗಡೆ ಮಾಡಿದ ಲೋಹಿತ್ ಫಾಂಟುಗಳು ಮೊದಲು ಜಿಪಿಎಲ್ ಅಡಿಯಲ್ಲಿದ್ದವು. ಪಿಡಿಎಫ್ ಮಾಡಿದಾಗ ಫಾಂಟಿನ ತುಣುಕು ಕಡತದೊಳಗೆ ಸೇರಿಕೊಳ್ಳುತ್ತದೆ. ಹಾಗಾದರೆ ನನ್ನ ಕಾದಂಬರಿಗೂ ಜಿಪಿಎಲ್ ಅಂಟಿತೇ ಎಂಬ ಪ್ರಶ್ನೆ ಏಳುತ್ತದೆ. ತಂತ್ರಾಂಶಕ್ಕಾಗಿ ಬರೆದ ಲೈಸೆನ್ಸನ್ನು ಫಾಂಟಿಗೆ ತೊಡಿಸಿದಾಗ ಬರುವ ತೊಂದರೆ ಇದು. ಫಾಂಟುಗಳಿಗೆಂದೇ ರೂಪಿಸಿದ ಓಪನ್ ಫಾಂಟ್ ಲೈಸೆನ್ಸ್, ಈ ಫಾಂಟಿನಲ್ಲಿ ತಯಾರಾದ ದಾಖಲೆಗೆ ನಮ್ಮ ಷರತ್ತು ತಗಲುವುದಿಲ್ಲ ಎಂದು ಬಿಡಿಸಿ ಹೇಳುತ್ತದೆ. 2011ರಲ್ಲಿ ಲೋಹಿತ್ ಅದಕ್ಕೆ ಬದಲಾಯಿತು. ಪುಸ್ತಕ, ಆಮಂತ್ರಣ, ಆಪ್, ಏನನ್ನಾದರೂ ಮಾಡಿ ಮಾರಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ ಎಂಬುದೊಂದು ಮುಖ್ಯ ನಿಷೇಧ. ನಮ್ಮ ಪ್ರಕಾಶಕರಿಗೆ ನಾನು ಕೊಟ್ಟ ಚೀಟಿಯಲ್ಲಿ ಇದ್ದದ್ದು ಈ ಲೈಸೆನ್ಸಿನ ಹೆಸರೇ.

ಇನ್ನೊಂದು ನಂಬಿಕೆ, ದುಡ್ಡು ಕೊಟ್ಟು ಕೊಂಡಿದ್ದೇನೆ, ಇನ್ನು ಅದು ನನ್ನದು ಎಂಬುದು. ಕೊಂಡ ತಂತ್ರಾಂಶದಲ್ಲಿ ನಮ್ಮದಾಗುವುದು ಏನು ಎಂಬ ಪ್ರಶ್ನೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಅದೂ ತೆರಿಗೆಯ ಹಾದಿಯಲ್ಲಿ. ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ ರಾಯಧನ, ಅಂದರೆ ಹಕ್ಕುಸ್ವಾಮ್ಯ ಬಳಸಲು ಕೊಡುವ ಶುಲ್ಕ, ಎಂದು ನಮ್ಮ ಹೈಕೋರ್ಟ್ 2011ರಲ್ಲಿ ಹೇಳಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಕ್ಕುಸ್ವಾಮ್ಯ ಬೇರೆ, ಹಕ್ಕುಸ್ವಾಮ್ಯವಿರುವ ವಸ್ತುವಿನ ಪ್ರತಿ ಬೇರೆ; ಬಳಕೆದಾರನಿಗೆ ಸಿಗುವುದು ಎರಡನೆಯದು ಎಂದಿತು. ಪ್ರತಿಯನ್ನು ಹಿಡಿದವರಿಗೂ ನಮ್ಮ ಕಾಯ್ದೆ ಕೆಲವು ಹಕ್ಕು ಕೊಟ್ಟಿದೆ. ಕಳೆದುಹೋದೀತೆಂದು ಒಂದು ಬ್ಯಾಕಪ್ ಇಟ್ಟುಕೊಳ್ಳಬಹುದು, ಪ್ರೋಗ್ರಾಂ ಹೇಗೆ ನಡೆಯುತ್ತದೆ ಎಂದು ಪರೀಕ್ಷಿಸಿ ಕಲಿಯಬಹುದು. ನಕಲು ತಡೆಯಲು ಹಾಕುವ ಡಿಜಿಟಲ್ ಬೀಗ ಒಡೆಯುವುದರ ಬಗ್ಗೆ ಜನ ಅಮೆರಿಕದ 1998ರ ಕಾನೂನನ್ನು ಉದ್ಧರಿಸುತ್ತಾರೆ. ನಮ್ಮಲ್ಲಿ ಇರುವುದು 2012ರ 65ಎ ಕಲಂ. ಅದು ಶಿಕ್ಷಿಸುವುದು ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದವರನ್ನು. ನಮ್ಮ ಶಾಸನ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು ಎಂಬುದು ನನ್ನ ಅಭಿಪ್ರಾಯ.

ಆದರೆ ಕ್ರ್ಯಾಕ್ ಮಾಡಿದ ತಂತ್ರಾಂಶಕ್ಕೆ ಈ ವಿವೇಕ ನೆರಳು ಕೊಡುವುದಿಲ್ಲ. ಕಳ್ಳಪ್ರತಿ ಎಂದು ಗೊತ್ತಿದ್ದೂ ಬಳಸಿದರೆ 63ಬಿ ಕಲಂ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಬಳಸದವರಿಗೆ ಸೆರೆಮನೆ ತಪ್ಪಿಸುವ ಅವಕಾಶ ನ್ಯಾಯಾಲಯಕ್ಕಿದೆ, ಅಂಗಡಿ ಇಟ್ಟವರಿಗೆ ಅದೂ ಇಲ್ಲ. ಇಂಕ್‌ಸ್ಕೇಪ್, ಸ್ಕ್ರೈಬಸ್ ಎಂಬ ಚಿತ್ರ ಬಿಡಿಸುವ, ಪುಟ ಜೋಡಿಸುವ ಮುಕ್ತ ತಂತ್ರಾಂಶಗಳನ್ನು ಕಲಿಯಲು ಒಂದು ತಿಂಗಳು ಹಿಡಿಯುತ್ತದೆ ಎಂದು ದೂರುವ ಡಿಟಿಪಿ ಗೆಳೆಯರಿಗೆ ನಾನು ಈ ಕಲಂ ಓದಿ ಹೇಳುತ್ತೇನೆ.

ವಾಟ್ಸಾಪ್‌ನಲ್ಲಿ ಹರಿದಾಡುವ ಪುಸ್ತಕಗಳ ಪಿಡಿಎಫ್ ವಿಷಯ ಬಂದಾಗ ನನಗೆ ಸಂಕಟವಾಗುತ್ತದೆ. ಕಳಿಸುವವರು ಕನ್ನಡದ ಮೇಲಿನ ಪ್ರೀತಿಯಿಂದಲೇ ಕಳಿಸುತ್ತಾರೆ. ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ, ವರ್ಷದ ಲೆಕ್ಕ ಮುಂದಿನ ಜನವರಿಯಿಂದ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2007ರಿಂದ ಎಲ್ಲರ ಸ್ವತ್ತು. 1981ರಲ್ಲಿ ನಿಧನರಾದ ಬೇಂದ್ರೆಯವರದು 2041ರ ಕೊನೆಯವರೆಗೆ ಹಾಗಲ್ಲ. ಅಷ್ಟು ವರ್ಷ ಕಾಯದೆ ಮೊದಲೇ ಕೊಡಬಹುದು ಎಂದು ತೋರಿಸಿದವರೂ ಇದ್ದಾರೆ. ನಿರಂಜನರ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಹಂಚಲು ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ ಬಿಡುಗಡೆ ಮಾಡಿದರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವೂ ಹಾಗೆಯೇ ಹೊರಬಂತು. ಅವನ್ನು ನೀವು ಹಂಚಿದರೆ ಅದು ನಿಜವಾದ ಹಂಚಿಕೆ, ಕೊಡುವ ಹಕ್ಕಿದ್ದವರೇ ಕೊಟ್ಟದ್ದು.

ಬಸ್ಸಿನ ಆಪ್‌ನ ಹುಡುಗ ಮತ್ತೆ ಬಂದಿದ್ದ. ಯಾವ ಲೈಸೆನ್ಸ್ ಎಂದು ಒಂದು ಗಂಟೆ ಚರ್ಚಿಸಿದೆವು. ಯಾವುದೋ ಕಂಪನಿ ತೆಗೆದುಕೊಂಡು ಸುಧಾರಿಸಿ, ಸುಧಾರಣೆಯನ್ನು ಮುಚ್ಚಿಟ್ಟುಕೊಂಡರೆ ನೋವಾಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದ. ಹಾಗಾದರೆ ಜಿಪಿಎಲ್ ಎಂದೆ. ಆಮೇಲೆ ಅವನು, ಕೋಡನ್ನು ಮೂವರು ಸೇರಿ ಬರೆದದ್ದು ಎಂದು ಬಾಯಿಬಿಟ್ಟ. ಹಾಗಿದ್ದರೆ ಮೂವರೂ ಒಪ್ಪಬೇಕು, ಬರವಣಿಗೆಯಲ್ಲಿ. ಒಬ್ಬಳು ಅಂದೇ ಸಂಜೆ ಒಪ್ಪಿದಳು. ಮೂರನೆಯವನು ಜರ್ಮನಿಯಲ್ಲಿ ಎಂಎಸ್ ಓದುತ್ತಿದ್ದಾನೆ, ಅವನಿಗೆ ಇಮೇಲ್ ಹೋಗಿದೆ. ಉತ್ತರ ಬಂದ ದಿನ ಲೈಸೆನ್ಸ್ ಫೈಲ್ ಸೇರಿಸುವುದೆಂದು ಮಾತಾಗಿದೆ.