ಮಂಕು ಕವಿದಾಗ ಒಳಗೇನಾಗುತ್ತದೆ?

ವಿಜಯನಗರದ ನಮ್ಮ ಚಿಕ್ಕಮ್ಮ ಬೆಳಿಗ್ಗೆ ಐದೂವರೆಗೆಲ್ಲ ಎದ್ದು ರಂಗೋಲಿ ಹಾಕುತ್ತಿದ್ದವರು. ಒಂದು ವರ್ಷ ಅದು ನಿಂತೇಹೋಯಿತು. ಟಿವಿ ಬೇಡ, ಮದುವೆ ಮನೆ ಬೇಡ, ಸುಮ್ನೆ ಕೂತರೆ ಕಣ್ಣಲ್ಲಿ ನೀರು. ಎಲ್ಲರೂ ಕೊಟ್ಟ ಸಲಹೆ ಒಂದೇ: 'ಏನನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.' ನಾನೂ ಹೇಳಿದ್ದೆ. ಆರು ತಿಂಗಳಾದ ಮೇಲೆ ಡಾಕ್ಟರೊಬ್ಬರು ಕತ್ತು ಮುಟ್ಟಿ ನೋಡಿ ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಮಲಗಿತ್ತು.

ಕತ್ತಿನಲ್ಲಿರುವ ಚಿಟ್ಟೆಯಾಕಾರದ ಈ ಗ್ರಂಥಿಯೇ ಮೈಯ ಜೀವಕೋಶಗಳ ಕೆಲಸಕ್ಕೆ ವೇಗ ಕೊಡುವುದು. ಅದರ ಹಾರ್ಮೋನು ಕಡಿಮೆಯಾದರೆ ಎಲ್ಲವೂ ನಿಧಾನ. ಚಳಿ ಜಾಸ್ತಿ, ತೂಕ ಜಾಸ್ತಿ, ಕೂದಲು ಉದುರುತ್ತದೆ. ಮಿದುಳೂ ಮೈಯ ಭಾಗವೇ ಅಲ್ವಾ? ಅದಕ್ಕೂ ಮಂಕು ಕವಿಯುತ್ತದೆ, ನೋಡಿದವರಿಗೆ ಖಿನ್ನತೆಯ ಹಾಗೇ ಕಾಣುತ್ತದೆ. ನಮಗೆ ಕಂಡದ್ದು ಅಳು ಮಾತ್ರ.

ಬಿ12 ಕೊರತೆಯ ಕಥೆಯೂ ಹೀಗೇ. ನರಗಳ ಮೇಲಿನ ಹೊದಿಕೆ ಗಟ್ಟಿಯಾಗಿರಲು ಈ ವಿಟಮಿನ್ ಬೇಕು. ತರಕಾರಿ, ಕಾಳುಗಳಲ್ಲಿ ಅದಿಲ್ಲ. ಹಾಲು ಮೊಸರೂ ಅಷ್ಟಕ್ಕಷ್ಟೇ ಆಗಿರುವ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರು ಎಚ್ಚರವಾಗಿರಬೇಕು. ಇನ್ನು ವಿಟಮಿನ್ ಡಿ. ಅದರ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಅಮೆರಿಕದಲ್ಲಿ ಐವತ್ತು ದಾಟಿದ 18,000ಕ್ಕೂ ಹೆಚ್ಚು ಜನರನ್ನು ಐದು ವರ್ಷ ಗಮನಿಸಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ, ವಿಟಮಿನ್ ಡಿ ಮಾತ್ರೆ ಖಿನ್ನತೆಯನ್ನು ತಡೆದಿರಲಿಲ್ಲ.

'ಮಿದುಳಲ್ಲಿ ಸೆರೊಟೋನಿನ್ ಕಡಿಮೆಯಾಗಿದೆ' ಅದಕ್ಕೇ ಖಿನ್ನತೆ ಎನ್ನುವ ಮಾತು ನೀವೂ ಕೇಳಿರುತ್ತೀರಿ. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1950ರ ದಶಕದಲ್ಲಿ ನಮ್ಮ ಸರ್ಪಗಂಧಿ ಗಿಡದ ಬೇರಿನಿಂದ ತೆಗೆದ ರಿಸರ್ಪಿನ್ ಎಂಬ ಔಷಧಿಯನ್ನು ಬಿಪಿಗೆ ಕೊಡುತ್ತಿದ್ದರು. ಬಿಪಿ ಇಳಿಯಿತು, ಆದರೆ ಕೆಲವರು ಮಂಕಾದರು. ಅದೇ ಕಾಲಕ್ಕೆ ನ್ಯೂಯಾರ್ಕಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಇಪ್ರೊನಿಯಾಜಿಡ್ ಎಂಬ ಹೊಸ ಮಾತ್ರೆ ಕೊಟ್ಟರೆ, ಹಾಸಿಗೆ ಹಿಡಿದ ರೋಗಿಗಳು ಎದ್ದು ಕುಣಿಯುವಷ್ಟು ಲವಲವಿಕೆ ತೋರಿದರು! ಹುಡುಕಿದಾಗ ಸುಳಿವು ಸಿಕ್ಕಿತು. ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರೊಟೋನಿನ್, ನಾರ್‌ಅಡ್ರಿನಲಿನ್‌ನಂಥ ರಾಸಾಯನಿಕಗಳನ್ನು ಮೊದಲನೆಯದು ಮಿದುಳಿನಲ್ಲಿ ಬರಿದು ಮಾಡುತ್ತಿತ್ತು, ಎರಡನೆಯದು ಉಳಿಸುತ್ತಿತ್ತು.

ಲೆಕ್ಕ ಸರಿಹೋಯಿತು ಅಂದುಕೊಂಡರು. ಆದರೆ ಒಂದು ತೊಡಕು ಉಳಿಯಿತು. ಖಿನ್ನತೆಗೆ ಕೊಡುವ ಈಗಿನ ಮಾತ್ರೆಗಳು ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಹೆಚ್ಚಿಸುತ್ತವೆ, ಮನಸ್ಸು ಹಗುರಾಗಲು ಮಾತ್ರ ಎರಡು ಮೂರು ವಾರವಾದರೂ ಬೇಕು. ಕೊರತೆಯೊಂದೇ ಕಾರಣವಾಗಿದ್ದರೆ ಇಷ್ಟು ತಡವೇಕೆ? ನರಕೋಶಗಳು ಹೊಸ ಕೊಂಡಿ ಬೆಸೆಯಲು ಸಮಯ ಹಿಡಿಯುತ್ತದೆ ಎನ್ನುವುದು ಈಗಿನ ಒಂದು ಬಲವಾದ ಊಹೆ. ಹಾಗಂತ ಮಾತ್ರೆ ದಂಡ ಎಂದಲ್ಲ. ಬೇಗ ಗುಣ ಕಾಣಲಿಲ್ಲವೆಂದು ಹತ್ತನೇ ದಿನಕ್ಕೇ ಬಿಟ್ಟುಬಿಡುವವರನ್ನು ಕಂಡಾಗ ಬೇಜಾರಾಗುತ್ತದೆ.

ಇನ್ನೊಂದು ಎಳೆ ಉರಿಯೂತದ್ದು, ಅಂದರೆ ಸೋಂಕು, ಗಾಯಗಳ ವಿರುದ್ಧ ಮೈ ಹೋರಾಡುವ ಬಗೆಯದ್ದು. ಡೆಂಗಿ ಬಂದವರನ್ನು ಕೇಳಿ ನೋಡಿ. ಊಟ ಸೇರದು, ಮಾತು ಬೇಡ, ಗೋಡೆ ಕಡೆ ತಿರುಗಿ ಮಲಗಿದರೆ ಸಾಕು. ಸೋಂಕಿನ ಜೊತೆ ಹೋರಾಡುವ ಮೈ ಕಳಿಸುವ ಸಂಕೇತಗಳೇ ಮಿದುಳಿಗೆ 'ಸುಮ್ಮನಿರು' ಅನ್ನುತ್ತವೆ. ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ಅಂಥದೇ ಒಂದು ಸಂಕೇತವಾದ ಇಂಟರ್‌ಫೆರಾನ್ ಚುಚ್ಚಿದಾಗ ಅನೇಕರಿಗೆ ನಿಜವಾದ ಖಿನ್ನತೆಯೇ ಬಂದಿತ್ತು.

ಮನೆತನದ ಪಾತ್ರವೂ ಇದೆ. ಅವಳಿಗಳ ಅಧ್ಯಯನಗಳ ಪ್ರಕಾರ ಜೀನುಗಳ ಪಾಲು ಸುಮಾರು ಮೂರನೇ ಒಂದು. ಉಳಿದದ್ದರಲ್ಲಿ ಸಾಲ, ಸಾವು, ಒಂಟಿತನ ಎಲ್ಲ ಸೇರಿವೆ.

ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ, ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಕಾಡಿರುತ್ತದೆ ಎಂದಿತು. ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ಅರವತ್ತು ಜನರಿದ್ದರೆ ಮೂವರು.

ಚಿಕ್ಕಮ್ಮನ ಅದೃಷ್ಟ, ಕಾರಣ ರಕ್ತದಲ್ಲೇ ಸಿಕ್ಕಿತು. ನಮ್ಮ ಬೀದಿಯ ಹುಡುಗನೊಬ್ಬನಿಗೆ ಹಾಗಾಗಲಿಲ್ಲ. ಥೈರಾಯ್ಡ್, ಬಿ12 ಎರಡೂ ಸರಿಯಿವೆ. 'ರಿಪೋರ್ಟ್ ನಾರ್ಮಲ್, ಏನೂ ಇಲ್ಲವಂತೆ' ಎಂದರು ಅವರಪ್ಪ. ಖಿನ್ನತೆಯನ್ನೇ ಹಿಡಿಯುವ ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ ಎಂದು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಬರೆದುಕೊಟ್ಟೆ. 'ಕನ್ನಡದಲ್ಲಿ ಮಾತಾಡ್ತಾರಾ?' ಎಂದು ಕೇಳಿದರು. ಮಾತಾಡುತ್ತಾರೆ.