ಇಸಿಜಿ ನಾರ್ಮಲ್, ಆದರೆ ವಾಲ್ವ್?

ಹೃದಯದ ಕಾಯಿಲೆ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಬ್ಲಾಕ್, ಸ್ಟೆಂಟ್, ಹಾರ್ಟ್ ಅಟ್ಯಾಕ್. ಓಪಿಡಿಯಲ್ಲಿ ಎಷ್ಟೋ ಜನ ಇಸಿಜಿ ಹಾಳೆ ಮುಂದಿಟ್ಟು, "ಎಲ್ಲಾ ನಾರ್ಮಲ್ ಅಂದ್ರು ಡಾಕ್ಟ್ರೇ, ಆದ್ರೂ ಸುಸ್ತು" ಅನ್ನುತ್ತಾರೆ. ಇಸಿಜಿ ಹೇಳುವುದು ಹೃದಯದ ವಿದ್ಯುತ್ ಚಟುವಟಿಕೆಯನ್ನು. ಆಂಜಿಯೋಗ್ರಾಂ ಮುಖ್ಯವಾಗಿ ಹೃದಯದ ರಕ್ತನಾಳಗಳನ್ನು ತೋರಿಸುತ್ತದೆ. ವಾಲ್ವ್ ಹೇಗಿದೆ ಅಂತ ಕಣ್ಣಾರೆ ನೋಡಬೇಕಾದರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕು. ಎಕೋ ಬೇಕೋ ಬೇಡವೋ ಎಂಬ ಸುಳಿವು ಸಾಮಾನ್ಯವಾಗಿ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗಲೇ ಸಿಗುತ್ತದೆ.

ಹೃದಯದಲ್ಲಿ 4 ವಾಲ್ವ್‌ಗಳಿವೆ. ರಕ್ತ ಒಂದೇ ದಿಕ್ಕಿಗೆ ಹೋಗುವಂತೆ ನೋಡಿಕೊಳ್ಳುವ ಬಾಗಿಲುಗಳು ಅನ್ನಿ. ಇವು ಕಿರಿದಾಗಬಹುದು, ಇಲ್ಲವೇ ಸೋರಬಹುದು. ಕೆಲವರಲ್ಲಿ ಎರಡೂ ಇರುತ್ತದೆ.

ತೊಂದರೆ ಏನೆಂದರೆ, ಇದು ಬಹಳ ನಿಧಾನವಾಗಿ ಬೆಳೆಯುತ್ತದೆ. ಮನುಷ್ಯ ಅದಕ್ಕೆ ಹೊಂದಿಕೊಂಡುಬಿಡುತ್ತಾನೆ. ಮೆಟ್ಟಿಲು ಬಿಡುತ್ತಾನೆ, ಬೇಗ ನಡೆಯುವುದು ಬಿಡುತ್ತಾನೆ, ಆಮೇಲೆ "ನನಗೇನೂ ತೊಂದರೆ ಇಲ್ಲ" ಅನ್ನುತ್ತಾನೆ. ಅದಕ್ಕೇ ನಾನು ಕೇಳುವ ಪ್ರಶ್ನೆ ಬೇರೆ: ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ? ಉತ್ತರ ಹೆಚ್ಚಾಗಿ ಪಕ್ಕದಲ್ಲಿ ಕುಳಿತ ಹೆಂಡತಿಯಿಂದಲೋ ಮಗಳಿಂದಲೋ ಬರುತ್ತದೆ.

ನಮ್ಮಲ್ಲಿ ಚಿಕ್ಕ ವಯಸ್ಸಿನವರ ವಾಲ್ವ್ ಕೆಡಲು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದೊಳಗಿನ ಮಕ್ಕಳಲ್ಲಿ ಜಾಸ್ತಿ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಎರಡು ಮೂರು ವಾರ ಬಿಟ್ಟು ಜ್ವರ, ಕೀಲು ಊತ. ಇವತ್ತು ಮಂಡಿ, ನಾಳೆ ಹಿಮ್ಮಡಿ ಗಂಟು, ಆಮೇಲೆ ಮೊಣಕೈ. ಕೀಲು ಪೂರ್ತಿ ವಾಸಿಯಾಗುತ್ತದೆ. ಮನೆಯವರೂ "ಬೆಳೆಯೋ ಮಕ್ಕಳ ನೋವು" ಅಂತ ಮರೆತುಬಿಡುತ್ತಾರೆ. ವಾಲ್ವ್‌ಗೆ ಆದ ಗಾಯ ಮಾತ್ರ ಉಳಿಯುತ್ತದೆ. ಗಂಟಲು ನೋವೆಲ್ಲ ಹೀಗಲ್ಲ, ಹೆಚ್ಚಿನವು ವೈರಸ್‌ನವು. ಆದರೆ ಡಾಕ್ಟರು ಆಂಟಿಬಯಾಟಿಕ್ ಕೊಟ್ಟರೆ ಎರಡೇ ದಿನಕ್ಕೆ ನಿಲ್ಲಿಸಬೇಡಿ.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ 3 ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತೇವೆ. ದುಬಾರಿಯಲ್ಲ, ಆದರೆ ನೋವು ಜಾಸ್ತಿ. ವರ್ಷಗಟ್ಟಲೆ ಹಾಕಿಸಬೇಕು. ವಾಲ್ವ್ ಕೆಟ್ಟಿದ್ದರೆ ಕನಿಷ್ಠ 10 ವರ್ಷ, ಕೆಲವರಿಗೆ 40ರ ವಯಸ್ಸಿನವರೆಗೂ. "ಹುಡುಗ ಚೆನ್ನಾಗಿದ್ದಾನಲ್ಲ, ಇನ್ಯಾಕೆ?" ಅಂತ ನಿಲ್ಲಿಸುವವರು ಬಹಳ. ಜ್ವರ ಮರುಕಳಿಸಿದಷ್ಟೂ ವಾಲ್ವ್ ಇನ್ನಷ್ಟು ಕೆಡುತ್ತದೆ. ಹಾಸ್ಟೆಲ್‌ಗೆ ಸೇರಿದ ಮೇಲೆ ಡೋಸ್ ತಪ್ಪುವುದೇ ಹೆಚ್ಚು, ಅಪ್ಪ ಅಮ್ಮ ವಾರ್ಡನ್‌ಗೆ ಹೇಳಿಡುವುದು ಒಳ್ಳೆಯದು.

ಇಂಥ ಹುಡುಗಿ ದೊಡ್ಡವಳಾಗಿ, ಮದುವೆಯಾಗಿ ಬಸುರಿಯಾದಾಗ ಕಾಯಿಲೆ ಹೊರಬೀಳುವುದುಂಟು. ಬಸುರಿನಲ್ಲಿ ಮೈಯ ರಕ್ತದ ಪ್ರಮಾಣ ಹತ್ತಿರಹತ್ತಿರ ಅರ್ಧದಷ್ಟು ಏರುತ್ತದೆ. ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಬಾಗಿಲು ಮೈಟ್ರಲ್ ವಾಲ್ವ್. ಅದು ಕಿರಿದಾಗಿದ್ದರೆ ಅಷ್ಟನ್ನು ದಾಟಿಸಲಾರದು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕಾಗುತ್ತದೆ. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟು ಸುಮ್ನಾದರೆ ಸಾಲದು. ರಕ್ತಹೀನತೆಯೂ ವಾಲ್ವ್ ಕಾಯಿಲೆಯೂ ಒಟ್ಟಿಗೇ ಇರಬಹುದಲ್ವಾ? ಬಸುರಿಯ ಮೊದಲ ತಪಾಸಣೆಯಲ್ಲೇ ಯಾರಾದರೂ ಎದೆಯ ಸದ್ದು ಕೇಳಲೇಬೇಕು ಅನ್ನುವುದು ನನ್ನ ಹಠ.

ಕಿರಿದಾದ ಮೈಟ್ರಲ್ ವಾಲ್ವನ್ನು ಎದೆ ಕೊಯ್ಯದೆ, ತೊಡೆಸಂದಿನ ರಕ್ತನಾಳದ ಮೂಲಕ ಬಲೂನ್ ಕಳಿಸಿ ಅಗಲಿಸಬಹುದು. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಶುರು ಮಾಡಿದ ವಿಧಾನ ಇದು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಇದನ್ನು ದೊಡ್ಡ ಸಂಖ್ಯೆಯಲ್ಲಿ ಮಾಡುತ್ತಾರೆ.

ವಯಸ್ಸಾದವರ ಕಥೆ ಬೇರೆ. ಅವರಲ್ಲಿ ಸುಣ್ಣ (ಕ್ಯಾಲ್ಸಿಯಂ) ಕಟ್ಟಿ ಅಯೋರ್ಟಿಕ್ ವಾಲ್ವ್, ಅಂದರೆ ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲು, ಗಟ್ಟಿಯಾಗುತ್ತದೆ. ನಡೆಯುವಾಗ ಎದೆನೋವು, ಏದುಸಿರು, ತಲೆ ತಿರುಗಿ ಬೀಳುವುದು ಶುರುವಾದರೆ ತಡಮಾಡಬೇಡಿ. ಮಾತ್ರೆಯಿಂದ ಆ ವಾಲ್ವ್ ತೆರೆಯುವುದಿಲ್ಲ. 2002ರಿಂದ ಎದೆ ತೆರೆಯದೆ ಹೊಸ ವಾಲ್ವ್ ಕೂರಿಸುವ ದಾರಿಯಿದೆ. ಖರ್ಚು ಲಕ್ಷಗಳಲ್ಲಿ, ನಿಜ. ಆದರೆ ವಯಸ್ಸಾಯ್ತು ಅನ್ನುವ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ.

ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ. ಒಂದೆರಡು ದಿನ ಬಿಟ್ಟರೂ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು. ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಸೊಪ್ಪು ಈ ಮಾತ್ರೆಯ ಕೆಲಸವನ್ನು ಕಮ್ಮಿ ಮಾಡುತ್ತದೆ, ಹಾಗಂತ ಬಿಡಬೇಕಾಗಿಲ್ಲ, ಒಂದು ವಾರ ದಿನಾ ಬಸ್ಸಾರು, ಇನ್ನೊಂದು ವಾರ ಏನೂ ಇಲ್ಲ ಅನ್ನುವಂತೆ ಆಗಬಾರದು ಅಷ್ಟೇ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಬಸುರಿಗೆ ಮೊದಲೇ ನಮ್ಮ ಹತ್ತಿರ ಮಾತಾಡಬೇಕು, ಈ ಮಾತ್ರೆಯಿಂದ ಹೊಟ್ಟೆಯೊಳಗಿನ ಕೂಸಿಗೆ ತೊಂದರೆಯಾಗಬಹುದು. ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ವಾಲ್ವ್ ವಿಷಯ ಹೇಳಿ. ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.